ನನ್ನ ನವೆ, ಅತ್ತೆಯ ಗುಳಿಗೆ

ಜ್ವರ ಬಂದವರ ಹಣೆ ಮುಟ್ಟಿ ಜನ ವಿಚಾರಿಸುತ್ತಾರೆ. ಕಾಲು ಮುರಿದವರಿಗೆ ಮಣೆ ಎಳೆದು ಕೊಡುತ್ತಾರೆ. ನವೆ ಹತ್ತಿದವರಿಗೆ ಮಾತ್ರ ಯಾವ ಮರ್ಯಾದೆಯೂ ಇಲ್ಲ. ಎದುರಿಗೆ ಸಿಕ್ಕವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಮರೆಗೆ ಹೋಗಿ ತಾವೂ ಒಂದು ಸಲ ತೋಳು ಕೆರೆದುಕೊಳ್ಳುತ್ತಾರೆ. ನೋಡುವವರಿಗೆ ಅದು ನಗೆಯ ಕಾಯಿಲೆ. ಅನುಭವಿಸುವವರಿಗೆ ಕೂರಲು ಬಿಡದ, ನಿಲ್ಲಲು ಬಿಡದ, ಆಡುತ್ತಿದ್ದ ಮಾತನ್ನೇ ಮರೆಸಿಬಿಡುವ ಕಾಯಿಲೆ.

ಹೋದ ತಿಂಗಳು ನಮ್ಮ ಬೀದಿಯ ಒಂದು ಮದುವೆ ಊಟದಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳನ್ನು ನೋಡಿದೆ. ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಬಲಗೈ ಬೆರಳ ತುದಿಯಲ್ಲಿ ಅನ್ನ ಕಲಸುತ್ತಾ ಕಲಸುತ್ತಾ, ಒಂದು ತುತ್ತೂ ಉಣ್ಣದೆ ಎದ್ದು ಹೋದಳು. ಬಚ್ಚಿಟ್ಟ ಕೈ ಒಳಗೊಳಗೇ ಕೆರೆದುಕೊಳ್ಳುತ್ತಿತ್ತು. ಸೆರಗು ಅಲ್ಲಾಡುತ್ತಿದ್ದುದರಿಂದ ನನಗೆ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಾಗಿರಲಾರದು. ಅವಳ ಮನೆಗೆ ಹೋಗಿ ಹೇಳೋಣವೆಂದರೆ ಅವಳ ಅತ್ತೆ ಬಾಗಿಲಲ್ಲೇ ಕೂತಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಎಳಂದೂರಿನ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇದಕ್ಕಾದರೂ ಬರಲಿ.

ನಾನು ಎಳಂದೂರಿನವಳು. ಅಪ್ಪ ಹತ್ತಿ ಸೀರೆ ನೇಯುತ್ತಿದ್ದರು. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗೆ ನನ್ನನ್ನು ಕೊಟ್ಟಾಗ ಅಪ್ಪನಿಗೆ ನೆಲ ಕಾಣುತ್ತಿರಲಿಲ್ಲ. ದೂರವೇನೂ ಇಲ್ಲ, ಬೆಳಿಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಸೇರಬಹುದು. ಆದರೆ ಎಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದು. ಈಗೇನೋ ಕನ್ನಡದವರೆಲ್ಲ ಒಂದೇ ರಾಜ್ಯವಾಗುತ್ತಾರೆಂದು ನಮ್ಮ ಬೀದಿಯ ಗಂಡಸರು ಪತ್ರಿಕೆ ಹಿಡಿದು ಕೂಗಾಡುತ್ತಿದ್ದಾರೆ. ಆಗ ಅದೆಲ್ಲ ಇರಲಿಲ್ಲ. ಕಚೇರಿಯ ಕಾಗದವೆಲ್ಲ ತಮಿಳು, ಸಂತೆಯಲ್ಲಿ ಅರ್ಧ ತಮಿಳು, ನಮ್ಮ ಅತ್ತೆಯವರ ಬಾಯಲ್ಲಂತೂ ಕೋಪ ಬಂದರೆ ಪೂರ್ತಿ ತಮಿಳು. ಅವರ ತವರು ಸತ್ಯಮಂಗಲದ ಕಡೆ. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿ, ಗಂಡನನ್ನು ಕಳೆದುಕೊಂಡು ಆರು ವರ್ಷವಾಗಿ, ಕನ್ನಡವೆಲ್ಲ ಕಲಿತಿದ್ದರೂ ಕನಸು ಬೀಳುವುದು ತಮಿಳಿನಲ್ಲೇ ಎನ್ನುತ್ತಿದ್ದರು. ನನಗೆ ತಮಿಳಿನಲ್ಲಿ ಬಾ, ಹೋಗು, ತಿನ್ನು ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

ನಮ್ಮ ಮನೆಗೆ ಹೆಸರು ತಂದದ್ದು ಅರಗಿನ ಬಣ್ಣ. ಕಡುಗೆಂಪು, ಒಗೆದಷ್ಟೂ ಹೊಳಪು ಬರುವ ಕೆಂಪು. ಅದನ್ನು ಹಾಕುವ ಬಗೆ ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಗೊತ್ತಿರಬೇಕು, ಅವಳು ಮುಂದಿನ ಸೊಸೆಗೆ ಕಲಿಸಬೇಕು. ಮಗಳು ಮಾದೇವಿ ಹುಟ್ಟಿ ಆರು ತಿಂಗಳಾದ ಮೇಲೆ ಅತ್ತೆ ನನ್ನ ಕೈಯನ್ನು ದೇವರ ದೀಪದ ಮೇಲಿಡಿಸಿ ಆಣೆ ಮಾಡಿಸಿದರು. “ನಿಮ್ಮಪ್ಪ ಕೇಳುದ್ರೂ ಯೋಳ್ಬ್ಯಾಡ ಕನಮ್ಮಿ. ನಿನ್ ಗಂಡ ಕೇಳುದ್ರೂ ಯೋಳ್ಬ್ಯಾಡ.” ನಮ್ಮ ಯಜಮಾನರು ಅಲ್ಲೇ ಪಕ್ಕದಲ್ಲಿ ನಿಂತಿದ್ದರು. ಅವರು ಕೇಳುವ ಪೈಕಿಯೂ ಅಲ್ಲ. ಹಿತ್ತಲಿನ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಅತ್ತೆ ನನಗೆ ಕಲಿಸಿದರು. ಎಲ್ಲರಿಗೂ ಗೊತ್ತಿದ್ದ ಬಣ್ಣದ ಪುಡಿಯ ಜೊತೆಗೆ ಯಾರಿಗೂ ಗೊತ್ತಿಲ್ಲದ ಒಂದು ಹಿಡಿ ಹರಳು, ಉಪ್ಪಿನಂಥದ್ದು, ಕಿತ್ತಳೆ ಬಣ್ಣದ್ದು. ಕುದಿಯುವ ಹಂಡೆಯಲ್ಲಿ ರೇಷ್ಮೆ ಲಡಿ ಅದ್ದಿ, ಕೈಯಿಂದಲೇ ತಿರುವಿ, ಕೈಯಿಂದಲೇ ಹಿಂಡಬೇಕು. ಹೆಮ್ಮೆಯಾಗಿತ್ತು ನನಗೆ. ಹತ್ತಿ ಮನೆಯ ಹುಡುಗಿ ಎಂದು ಹಂಗಿಸಿದವರೆಲ್ಲ ಈಗ ಬಾಯಿ ಮುಚ್ಚಿದರು.

ಎರಡು ತಿಂಗಳಲ್ಲಿ ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆಗಳೆದ್ದವು. ಮೊದಲು ಸೊಳ್ಳೆ ಎಂದುಕೊಂಡೆ. ಆಮೇಲೆ ಬೆವರುಸಾಲೆ ಎಂದರು. ಗುಳ್ಳೆ ಒಡೆದು ನೀರು ಸೋರಿತು, ಒಣಗಿ ಹಕ್ಕಳೆ ಕಟ್ಟಿತು, ಹಕ್ಕಳೆಯ ಕೆಳಗೆ ಮತ್ತೆ ನವೆ. ಅಂಗೈ ಬಿಟ್ಟು ಮಣಿಕಟ್ಟಿಗೆ, ಮಣಿಕಟ್ಟು ಬಿಟ್ಟು ಮೊಣಕೈಗೆ ಏರಿತು. ಕೆರೆದರೆ ಒಂದು ಕ್ಷಣ ಸ್ವರ್ಗ, ಆಮೇಲೆ ಬೆಂಕಿ. ಕೆರೆಯದಿದ್ದರೆ ತಲೆಯೊಳಗೆ ಜೀರುಂಡೆ. ಯಾರಾದರೂ “ಕೆರ್ಕೋಬ್ಯಾಡ” ಎಂದರೆ ಅವರ ಕೈ ಕಚ್ಚಬೇಕೆನ್ನಿಸುತ್ತಿತ್ತು. ನಾನು ಮೊದಲಿಂದಲೂ ಸಿಡುಕಿ. ನವೆ ಬಂದ ಮೇಲೆ ಕೇಳಬೇಕೇ?

ಬೇವಿನ ಸೊಪ್ಪು ಅರೆದು ಹಚ್ಚಿದರು. ಹೊಂಗೆ ಎಣ್ಣೆ ಹಚ್ಚಿದರು. ಅರಿಸಿನ ಹಚ್ಚಿ ನನ್ನನ್ನು ಹಬ್ಬದ ಗೌರಿಯ ಹಾಗೆ ಮಾಡಿ ಕೂರಿಸಿದರು. ಕಡೆಗೆ ಆಸ್ಪತ್ರೆಗೆ ಹೋದೆವು. ಅಲ್ಲಿನ ಜಗಲಿಯಲ್ಲಿ ನಲವತ್ತು ಜನ ಕಾಯುತ್ತಿದ್ದರು. ನಾನು ಕೂತ ಬೆಂಚಿನಿಂದ ಒಬ್ಬೊಬ್ಬರಾಗಿ ಎದ್ದು ಹೋಗಿ, ಉದ್ದದ ಬೆಂಚಿನಲ್ಲಿ ನಾನೂ ನನ್ನ ಯಜಮಾನರೂ ಇಬ್ಬರೇ ಉಳಿದೆವು. ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು, ಆ ಮಾತನ್ನು ಯಾರೂ ಆಡಲಿಲ್ಲ. ಡಾಕ್ಟರು ನನ್ನ ಕೈಗೆ ಸೂಜಿ ಚುಚ್ಚಿ ನೋಡಿ, ನಾನು “ಅಮ್ಮಾ” ಎಂದು ಕೂಗಿದ ಮೇಲೆ, ಜಗಲಿಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಇದು ಕುಷ್ಠ ಅಲ್ಲ! ಕುಷ್ಠ ಅಲ್ಲವೇ ಅಲ್ಲ!” ಅವರು ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ. ಬೇಕೆಂದೇ ಹೇಳಿದರು. ಆ ಪುಣ್ಯಾತ್ಮರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಮುಲಾಮು ಕೊಟ್ಟರು. ಹೊರಡುವಾಗ, ಎಳೆ ಮಗು ಇದ್ದರೆ ವಾಸಿಯಾಗುವವರೆಗೆ ಸ್ವಲ್ಪ ದೂರ ಇಡಿ ಎಂದರು. ಅವರು ಹೇಳಿದ ‘ಸ್ವಲ್ಪ’ ನಮ್ಮ ಅತ್ತೆಯ ಕೈಗೆ ಸಿಕ್ಕಿ ಐದು ತಿಂಗಳಾಯಿತು.

ಮಾದೇವಿಗೆ ಆಗ ಒಂಬತ್ತು ತಿಂಗಳು. ಅವತ್ತೇ ಎದೆಹಾಲು ಬಿಡಿಸಿದರು. ಹಸುವಿನ ಹಾಲು, ರಾಗಿ ಸರಿ. ಮೊದಲ ದಿನ ಮಗು ಒಳಮನೆಯಲ್ಲಿ ಅಳುತ್ತಿದ್ದರೆ ನಾನು ಹೊರಗಿನ ಜಗಲಿಯಲ್ಲಿ ರವಿಕೆ ಒದ್ದೆ ಮಾಡಿಕೊಂಡು ಕೂತಿದ್ದೆ. ಇದನ್ನು ಬರೆಯಲು ನಾಚಿಕೆಯಿಲ್ಲ, ತಾಯಂದಿರಿಗೆ ಅರ್ಥವಾಗುತ್ತದೆ. ಕೈಯ ನವೆ ಅವತ್ತು ನನಗೆ ಗೊತ್ತೇ ಆಗಲಿಲ್ಲ.

ಅಡುಗೆಮನೆಗೆ ಬರಬೇಡ ಎಂದರು. ರೇಷ್ಮೆ ಸುತ್ತುವುದಕ್ಕೂ ಆಗದು, ಹಕ್ಕಳೆಗೆ ಎಳೆ ಸಿಕ್ಕಿ ಪಟಪಟನೆ ತುಂಡಾಗುತ್ತಿತ್ತು. ಹೇಗೂ ಕೈ ಕೆಟ್ಟಿದೆ, ಬಣ್ಣದ ಹಂಡೆಗೇನಾಗಬೇಕು ಎಂದು ಆ ಕೆಲಸವೊಂದನ್ನು ನನಗೆ ಬಿಟ್ಟರು. ದಿನವಿಡೀ ಕೊಟ್ಟಿಗೆಯಲ್ಲಿ ನಾನೂ ಹಂಡೆಯೂ. ನಡುವೆ ಎಳಂದೂರಿನಲ್ಲಿ ಅಪ್ಪ ಬಿದ್ದು ಕಾಲು ಉಳುಕಿಸಿಕೊಂಡರೆಂದು ಹದಿನೈದು ದಿನ ಹೋಗಿ ಬಂದೆ. ಅಲ್ಲಿ ಕೈ ಒಣಗಿತು. ಹಕ್ಕಳೆ ಉದುರಿ ಎಳೆಯ ಚರ್ಮ ಬಂತು. ಕುಣಿದುಕೊಂಡು ಬಂದೆ. ಬಂದ ನಾಲ್ಕನೆಯ ದಿನಕ್ಕೆ ಮೊದಲಿಗಿಂತ ಜೋರಾಗಿ ಎದ್ದಿತು.

“ಈ ಮನೆ ನೀರು ಅವ್ಳಿಗೆ ಒಗ್ಗಾಕಿಲ್ಲ ಕನಪ್ಪ,” ಎಂದು ಅತ್ತೆ ಮಗನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. “ನಾಗಪ್ಪನ ಕ್ವಾಪನೋ ಏನೋ. ಎಳಂದೂರಲ್ಲೇ ಇರ್ಲಿ, ವಾಸಿ ಆಗಗಂಟ.”

“ಮಗ?” ಎಂದರು ನಮ್ಮ ಯಜಮಾನರು.

“ಮಗ ಇಲ್ಲೇ ಇರ್ತದೆ. ನಾನಿಲ್ವಾ?”

ವಾಸಿಯಾಗದಿದ್ದರೆ ಏನು ಗತಿ? ತವರಿಗೆ ಕಳಿಸಿ ಕರೆಸಿಕೊಳ್ಳದೆ ಹೋದ ಹೆಂಗಸರು ಎಳಂದೂರಿನ ನಮ್ಮ ಬೀದಿಯಲ್ಲೇ ಇಬ್ಬರಿದ್ದರು. ಮಗುವನ್ನು ಮುಟ್ಟದೆ ಇರುವುದು ಒಂದು, ನೋಡದೆ ಇರುವುದು ಇನ್ನೊಂದು. ನಾನು ಎದ್ದು ಒಳಗೆ ಹೋಗಿ, “ಇನ್ನೊಬ್ರು ಡಾಕ್ಟ್ರುಗೆ ತೋರ್ಸಿ. ಅದಾದ್ಮ್ಯಾಕೆ ಕಳ್ಸಿ,” ಎಂದೆ. ಸೊಸೆಯಾಗಿ ಅಷ್ಟು ದಿನದಲ್ಲಿ ನಾನು ಆಡಿದ ದೊಡ್ಡ ಮಾತು ಅದೇ.

ಹನೂರಿನಲ್ಲಿ ಹೋಮಿಯೋಪತಿ ನೋಡುವವರೊಬ್ಬರಿದ್ದಾರೆಂದು ಅತ್ತೆಗೆ ಗೊತ್ತಿತ್ತು. ಕೊಯಮತ್ತೂರಿನ ಕಡೆಯವರು, ತಾಲ್ಲೂಕು ಕಚೇರಿಯಲ್ಲಿದ್ದು ರಿಟೈರಾಗಿ, ಹೆಂಡತಿಯ ಊರಾದ ಹನೂರಿನಲ್ಲಿ ನಿಂತವರು. ಒಂದು ಮರದ ಪೆಟ್ಟಿಗೆ, ಒಂದು ದಪ್ಪ ಪುಸ್ತಕ, ಇಷ್ಟೇ ಅವರ ಆಸ್ಪತ್ರೆ. ಜನ ‘ಸಕ್ಕರೆ ಗುಳಿಗೆ ಸಾ’ ಎನ್ನುತ್ತಿದ್ದರು. ಯುದ್ಧ ಮುಗಿದಿದ್ದರೂ ಹನೂರಿನ ಬಸ್ಸು ಇನ್ನೂ ಇದ್ದಿಲಿನಲ್ಲೇ ಓಡುತ್ತಿತ್ತು. ಏರು ಬಂದರೆ ನಿಲ್ಲುತ್ತಿತ್ತು, ಗಂಡಸರು ಇಳಿದು ತಳ್ಳುತ್ತಿದ್ದರು. ಮಾದಪ್ಪನ ಬೆಟ್ಟಕ್ಕೆ ಹೋಗುವವರು ತುಂಬಿಕೊಂಡಿದ್ದರು. ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ, ನಾನು ಹಳೆ ಪಂಚೆಯ ಚೂರಿನಲ್ಲಿ ಕೈ ಸುತ್ತಿಕೊಂಡು ಹಿಂದಿನದರಲ್ಲಿ. ಮಾದೇವಿ ಅತ್ತೆಯ ಭುಜದ ಮೇಲಿಂದ ನನ್ನನ್ನೇ ನೋಡುತ್ತಾ ಕೈ ಚಾಚುತ್ತಿದ್ದಳು. ಅತ್ತೆ ಒಂದೊಂದು ಸಲವೂ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಿದ್ದರು. ಕಾಮಗೆರೆ ದಾಟುವಷ್ಟರಲ್ಲಿ ಹೊಗೆಗೆ ಮಗು ಎರಡು ಸಲ ಕಕ್ಕಿತು.

ಡಾಕ್ಟರ ಮನೆಯ ಜಗಲಿಯಲ್ಲಿ ಅವರ ಹೆಂಡತಿ ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ನನಗೂ ಕೊಟ್ಟರು, ಬೇರೆ ಲೋಟದಲ್ಲಲ್ಲ, ಎಲ್ಲರ ಲೋಟದಲ್ಲೇ. ನಾನು ಕುಡಿಯದೆ ಅವರ ಮುಖ ನೋಡಿದೆ. “ಕುಡಿಯವ್ವ, ತೊಳುದ್ರೆ ಓಯ್ತದೆ,” ಎಂದರು.

ಡಾಕ್ಟರಿಗೆ ಕನ್ನಡ ಮುರುಕಲು. ಕೈ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಮೂಸಿಯೂ ನೋಡಿದರು. ಆಮೇಲೆ ಉದ್ದನೆಯ ನೋಟುಬುಕ್ಕು ತೆರೆದು ಪ್ರಶ್ನೆ ಶುರು ಮಾಡಿದರು, ತಮಿಳಿನಲ್ಲಿ. ಪ್ರಶ್ನೆ ನನ್ನ ಕಡೆ ನೋಡಿ ಕೇಳುತ್ತಿದ್ದರು, ಉತ್ತರ ಅತ್ತೆಯಿಂದ ಬರುತ್ತಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಪರಗಂಡಸಿನ ಮುಂದೆ, ಅದೂ ಅತ್ತೆ ಪಕ್ಕದಲ್ಲಿದ್ದಾಗ, ಸೊಸೆ ಬಾಯಿ ಬಿಡುವುದುಂಟೆ? ಮೊದಮೊದಲು ಒಂದೊಂದು ಮಾತಿನ ಉತ್ತರ. ಬರಬರುತ್ತಾ ಅತ್ತೆಯ ಮಾತು ಉದ್ದವಾಯಿತು. ಡಾಕ್ಟರು ಬರೆಯುತ್ತಲೇ ಇದ್ದರು. ಅತ್ತೆ ಕಣ್ಣೊರೆಸಿಕೊಂಡರು. ನನ್ನ ಕಾಯಿಲೆಗೆ ಇವರೇಕೆ ಇಷ್ಟು ಅಳುತ್ತಿದ್ದಾರೆಂದು ನನಗೆ ಸಿಟ್ಟೇ ಬಂತು, ನಾಟಕ ಎಂದುಕೊಂಡೆ. ಆ ಮಾತಿನ ನಡುವೆ ನನಗೆ ಅರ್ಥವಾದದ್ದು ಒಂದೇ ಶಬ್ದ. ‘ತನಿ’. ತನಿಯಾ ಹಾಗೆ, ತನಿಯಾ ಹೀಗೆ ಎಂದು ಅತ್ತೆ ನಾಲ್ಕೈದು ಸಲ ಹೇಳಿದರು.

ಸರಿ, ಗೊತ್ತಾಯಿತು. ನಾನು ಹುತ್ತಕ್ಕೆ ತನಿ ಎರೆಯಲಿಲ್ಲವೆಂದು ದೂರು. ಮಗು ಹುಟ್ಟಿದ ವರ್ಷ ನಾಗರ ಹಬ್ಬಕ್ಕೆ ನಾನು ಹಾಲು ಎರೆಯಲು ಹೋಗಿರಲಿಲ್ಲ, ಬಾಣಂತಿಯಾಗಿದ್ದೆ. ಅದನ್ನು ಇಷ್ಟು ದೂರ ಬಂದು, ಯಾರೋ ಗಂಡಸಿನ ಮುಂದೆ, ಅಳುತ್ತಾ ಹೇಳಬೇಕೇ?

ಗುಳಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಬೆಳ್ಳಗೆ, ಸಿಹಿ. ಕೈಯಲ್ಲಿ ಮುಟ್ಟದೆ ಕಾಗದದಿಂದ ನೇರ ನಾಲಿಗೆಗೆ ಸುರಿದುಕೊಳ್ಳಬೇಕು. ಪಥ್ಯ ಮಾತ್ರ ಕಠಿಣ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಇಂಗಿಲ್ಲ, ಕಾಫಿಯಿಲ್ಲ. ಕಾಫಿ, ಕರ್ಪೂರದ ವಾಸನೆಯೂ ಕೂಡದು. ನಾನು ಕಾಫಿ ಕುಡಿಯುತ್ತಿರಲಿಲ್ಲ, ಕುಡಿಯುತ್ತಿದ್ದವರು ಅತ್ತೆ. ಬೆಳಿಗ್ಗೆ ಒಂದು ಲೋಟ ಕಾಫಿ ಇಲ್ಲದೆ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾರನೆಯ ದಿನ ಕಾಫಿಪುಡಿ ಡಬ್ಬವನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ದೇವರಿಗೆ ಕರ್ಪೂರ ಬಿಟ್ಟು ಬರಿ ತುಪ್ಪದ ದೀಪ ತೋರಿಸಿದರು. ಒಂದು ವಾರ ತಲೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದರು. ನನಗೆ ಒಳ್ಳೆಯದಾಗಲೆಂದು ಇಷ್ಟು ಮಾಡುವವರು ಮಗುವನ್ನು ಮಾತ್ರ ಹತ್ತಿರ ಬಿಡಲಿಲ್ಲ. ಅವರನ್ನು ಪೂರ್ತಿ ದ್ವೇಷಿಸಲೂ ಆಗದೆ ನನಗೆ ಇನ್ನಷ್ಟು ಕಿರಿಕಿರಿಯಾಗುತ್ತಿತ್ತು.

ಹಟಕ್ಕೆ ಬಿದ್ದು ತನಿ ಎರೆಯಲು ಶುರು ಮಾಡಿದೆ. ಕೆರೆಯಾಚೆ ಅರಳಿಕಟ್ಟೆಯ ಹುತ್ತಕ್ಕೆ ಐದು ಮಂಗಳವಾರ, ಕೈಗೆ ಬಟ್ಟೆ ಸುತ್ತಿಕೊಂಡೇ, ಚೊಂಬು ಹಿಡಿದು ಹೋದೆ. ಮೂರನೆಯ ವಾರ ಅತ್ತೆ ಬಾಗಿಲಲ್ಲಿ ತಡೆದರು.

“ಏನಮ್ಮಿ ಇದು, ವಾರವಾರವೂ? ಯಾರ್ ಯೋಳುದ್ರು ನಿಂಗೆ?”

“ನೀವೇ ಯೋಳುದ್ರಲ್ಲ,” ಎಂದೆ.

“ನಾ ಯಾವಾಗ ಯೋಳ್ದೆ?”

ನಾನು ಚೊಂಬು ಹಿಡಿದು ನಡೆದೆ. ನವೆ ತಲೆಗೆ ಏರಿದೆ ಎಂದು ಅವರು ಮಗನಿಗೆ ಹೇಳಿದರಂತೆ.

ಐದು ವಾರದ ಗುಳಿಗೆ ಮುಗಿಯುವಷ್ಟರಲ್ಲಿ ನವೆ ಕುತ್ತಿಗೆಗೆ ಬಂದಿತ್ತು. ಅತ್ತೆ ನನ್ನ ಸೀರೆಗಳನ್ನು ಮಡಿಸಿ ಒಂದು ಗಂಟು ಕಟ್ಟಿಟ್ಟರು. ಇನ್ನೊಂದು ಸಲ ಹನೂರಿಗೆ ಹೋಗಿ ಬರುವುದು, ಆಮೇಲೆ ಎಳಂದೂರು ಎಂದು ತೀರ್ಮಾನವಾಗಿತ್ತು. ಈ ಸಲ ಮಗುವಿಗೆ ಇದ್ದಿಲಿನ ಹೊಗೆ ಬೇಡವೆಂದು ಅತ್ತೆ ಮನೆಯಲ್ಲೇ ಉಳಿದರು. ನಾನೂ ನಮ್ಮ ಯಜಮಾನರೂ ಹೊರಟೆವು.

ಡಾಕ್ಟರು ನನ್ನ ಕುತ್ತಿಗೆ ನೋಡಿ ಹುಬ್ಬು ಗಂಟಿಕ್ಕಿದರು. ನೋಟುಬುಕ್ಕು ತೆಗೆದು ಏನೋ ಓದಿಕೊಂಡು, ಮತ್ತೆ ನನ್ನನ್ನು ನೋಡಿ, ಮತ್ತೆ ಓದಿಕೊಂಡರು. ನಮ್ಮ ಯಜಮಾನರಿಗೂ ತಮಿಳು ಅಷ್ಟಕ್ಕಷ್ಟೇ, ಮಾವನವರಿಗೆ ಹಿಡಿಸದೆಂದು ಅತ್ತೆ ಮಕ್ಕಳಿಗೆ ಕಲಿಸಿರಲಿಲ್ಲ. ಡಾಕ್ಟರು ಹೆಂಡತಿಯನ್ನು ಕೂಗಿದರು. ಅವರು ಒದ್ದೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು. ಡಾಕ್ಟರು ತಮಿಳಿನಲ್ಲಿ ಓದಿದ್ದನ್ನು ಆಕೆ ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿದರು.

“ತಣ್ಣೀರು ಮುಟ್ಟುದ್ರೆ ಮೈ ನಡುಗ್ತದೆ. ಅವ್ದಾ?”

“ಇಲ್ಲ. ತಣ್ಣೀರಲ್ಲಿ ಕೈ ಇಟ್ರೇನೇ ಸಮಾಧಾನ,” ಎಂದೆ.

“ಯಾರ್ ಮುಂದೂ ಅಳಾದಿಲ್ಲ, ಮರೆಗೋಗಿ ಅಳ್ತೀಯ.”

“ನಾನು ಎಲ್ರ ಮುಂದೇನೇ ಅಳದು.”

“ಕ್ವಾಪ ಬರಲ್ಲ, ಬಂದ್ರೂ ನುಂಗ್ಕತೀಯ.”

ನಮ್ಮ ಯಜಮಾನರು ಕೆಮ್ಮಿದರು.

“ಮಗ ಆಚ್ಗೆ ಓದ್ರೆ ತಿರುಗಿ ಬರಗಂಟ ಎದೆ ಡವಡವ ಅಂತದೆ.”

“ನಂಗೆ ಗಂಡು ಮಗ ಇಲ್ಲ. ಎಣ್ಣು ಮಗ, ಈಗ ವರ್ಸ ತುಂಬ್ತು.”

ಆಕೆ ಗಂಡನ ಮುಖ ನೋಡಿದರು. ಡಾಕ್ಟರು ಬೆರಳಿಟ್ಟು ಕಡೆಯ ಸಾಲು ಓದಿದರು. ಅದರಲ್ಲಿ ಆ ಶಬ್ದವಿತ್ತು. ತನಿಯಾ.

“ತನಿ ಎರದಿಲ್ಲ ಅಂತ ತಾನೆ?” ಎಂದೆ ನಾನೇ ಮುಂಚೆ. “ಎರ್ದೆ ಕಣ್ರವ್ವ. ಐದು ವಾರ ಎರ್ದೆ.”

“ಯಾವ ತನಿ?” ಎಂದರು ಆಕೆ. ಆಮೇಲೆ ಅರ್ಥವಾಗಿ ನನ್ನ ಬಟ್ಟೆ ಸುತ್ತಿದ ಕೈ ಮೇಲೆ ತಮ್ಮ ಕೈ ಇಟ್ಟರು. “ಅಯ್ಯೋ ಪೆದ್ದಿ. ತಮಿಳ್ನಲ್ಲಿ ತನಿಯಾ ಅಂದ್ರೆ ಒಬ್ಳೇ ಅಂತ. ಒಬ್ಳೇ ಇರಕ್ಕೆ ಭಯ. ಗಂಡ ಓದ್ಮ್ಯಾಕೆ ಮನೇಲಿ ಜನ ಇದ್ರೂ ಒಬ್ಳೇ ಅನ್ಸ್ತದೆ. ಅಂಗಂತ ಬರ್ಸವ್ರೆ.”

ಗಂಡ ಹೋದಮೇಲೆ! ನನ್ನ ಗಂಡ ನನ್ನ ಪಕ್ಕದಲ್ಲೇ ಬೆವರೊರೆಸಿಕೊಳ್ಳುತ್ತಾ ಕೂತಿದ್ದರು. ಡಾಕ್ಟರಿಗೆ ಅತ್ತೆಯ ಜೋರು ತಮಿಳಿನಲ್ಲಿ ಯಾರ ಗಂಡ, ಯಾವ ಗಂಡ ಎಂಬುದು ತಿಳಿದಿರಲಿಲ್ಲ. ನನ್ನನ್ನೇ ವಿಧವೆ ಎಂದುಕೊಂಡು ಔಷಧಿ ಕೊಟ್ಟಿದ್ದರು. ಕುಂಕುಮ ನೋಡಲಿಲ್ಲವೇ ಎಂದು ಆಕೆ ಗಂಡನನ್ನು ಗದರಿದರು. ನಾನು ಕೈ ನೋಡುತ್ತಿದ್ದೆ ಎಂದರು ಅವರು.

ನನಗೆ ಮೊದಲು ನಗು ಬಂತು. ಆಮೇಲೆ ಅತ್ತೆ ಕಣ್ಣೊರೆಸಿಕೊಂಡದ್ದು ನೆನಪಾಯಿತು. ಇಪ್ಪತ್ತೈದು ವರ್ಷದಲ್ಲಿ ಅತ್ತೆಯನ್ನು ಅವರ ಭಾಷೆಯಲ್ಲಿ ಯಾರೂ ಹೀಗೆ ವಿಚಾರಿಸಿರಲಿಲ್ಲ. ಎದೆ ಹೇಗಿದೆ, ಯಾವುದಕ್ಕೆ ಭಯ, ಯಾವಾಗ ಅಳುತ್ತೀರಿ ಎಂದು ಒಬ್ಬರು ಕೇಳಿದಾಗ ಅವರು ನನ್ನನ್ನು ಮರೆತು ತಮ್ಮನ್ನೇ ಹೇಳಿಕೊಂಡುಬಿಟ್ಟಿದ್ದರು. ಐದು ವಾರ ನಾನು ತಿಂದದ್ದು ಅತ್ತೆಯ ಗುಳಿಗೆ.

ಡಾಕ್ಟರು ಹೊಸ ಪುಟ ತೆರೆದರು. “ಇಪ್ಪೋ ನೀಂಗಳೇ ಹೇಳಿ,” ಎಂದರು ಎರಡೂ ಭಾಷೆ ಸೇರಿಸಿ, ಈಗ ನಾನೇ ಹೇಳಬೇಕೆಂದು. ಯಾವಾಗ ಶುರುವಾಯಿತು, ಯಾವಾಗ ಹೆಚ್ಚು, ಎಲ್ಲಿ ಕಡಿಮೆ. ನಾನು ಎಳಂದೂರಿನ ಹದಿನೈದು ದಿನದ ಸಂಗತಿ ಹೇಳಿದೆ. ಅವರು ಪೆನ್ನು ನಿಲ್ಲಿಸಿದರು. ಕೊಳ್ಳೇಗಾಲದ ಮನೆಯಲ್ಲಿ ನೀನು ಮಾಡುವ, ಎಳಂದೂರಿನಲ್ಲಿ ಮಾಡದ ಕೆಲಸ ಯಾವುದು ಎಂದು ಹೆಂಡತಿಯಿಂದ ಕೇಳಿಸಿದರು. ಹೋದ ಸಲ ಏನು ಕೆಲಸ ಮಾಡುತ್ತಾಳೆ ಎಂದದ್ದಕ್ಕೆ ಅತ್ತೆ ‘ಮನೆಗೆಲಸ’ ಎಂದಿದ್ದರಂತೆ.

ದೀಪದ ಮೇಲಿಟ್ಟ ಕೈ ಅದು. ಅದೇ ಕೈ ಈಗ ಬಟ್ಟೆಯೊಳಗೆ ಸುಡುತ್ತಿತ್ತು. ನಾನು ನಮ್ಮ ಯಜಮಾನರನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು. ಮನೆಯಲ್ಲಿ ಕಟ್ಟಿಟ್ಟ ಗಂಟು ಕಣ್ಣ ಮುಂದೆ ಬಂತು. ಯಜಮಾನರು ತಟ್ಟನೆ ಎದ್ದರು.

“ಬಸ್ಸು ಬಂತಾ ನೋಡ್ಕಂಡು ಬತ್ತೀನಿ.”

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಅದು ಅವರಿಗೂ ಗೊತ್ತು. ಚಪ್ಪಲಿ ಮೆಟ್ಟಿಕೊಂಡು, ನಮ್ಮ ಮಾತು ಕೇಳಿಸದಷ್ಟು ದೂರ ಹೋಗಿ, ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತರು. ಗಂಡಸರಲ್ಲಿ ಕೆಲವರು ಒಳ್ಳೆಯದನ್ನು ಹೀಗೆ ಬೆನ್ನು ತಿರುಗಿಸಿಕೊಂಡೇ ಮಾಡುತ್ತಾರೆ.

ನಾನು ಹೇಳಿದೆ. ಹಂಡೆ, ಪುಡಿ, ಕಿತ್ತಳೆ ಬಣ್ಣದ ಹರಳು, ಕೈಯಲ್ಲಿ ಹಿಂಡುವುದು, ಎಲ್ಲ. ಡಾಕ್ಟರು ಬಣ್ಣದ ಬಗ್ಗೆ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿಟ್ಟು ಕೇಳಿದರು. ಆ ಹರಳಿನ ನೀರಿಗೆ ಇನ್ನು ಕೈ ಹಾಕಬೇಡ, ಕೋಲಿನಲ್ಲಿ ಮಾಡುವವರು ಬೇಕಾದರೆ ಮಾಡಲಿ ಎಂದರು. ಆಮೇಲೆ ಪೆಟ್ಟಿಗೆ ತೆರೆದು ನನಗೆಂದು ಬೇರೆ ಗುಳಿಗೆ ಕಟ್ಟಿಕೊಟ್ಟರು. ಹಳೆಯ ಗುಳಿಗೆಯನ್ನೂ ಒಂದು ಪೊಟ್ಟಣ ಕಟ್ಟಿದರು.

“ಇದು ಯಾರಿಗೆ?” ಎಂದೆ.

“ಉತ್ತರ ಯೋಳುದ್ರಲ್ಲ, ಅವ್ರಿಗೆ,” ಎಂದರು ಅವರ ಹೆಂಡತಿ.

ಮನೆಗೆ ಬಂದಾಗ ಅತ್ತೆ ಮಗುವಿಗೆ ಸರಿ ತಿನ್ನಿಸುತ್ತಿದ್ದರು. ನಾನು ಹೊಸಿಲಲ್ಲೇ ನಿಂತು ಹೇಳಿಬಿಟ್ಟೆ. ಒಳಗೆ ಬಂದು ಕೂತು ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

“ಬಣ್ಣದ್ ವಿಚಾರ ಡಾಕ್ಟ್ರುಗೆ ಯೋಳ್ಬುಟ್ಟೆ ಅತ್ತೆ.”

ಅವರ ಕೈ ಮಗುವಿನ ಬಾಯಿಯ ಹತ್ತಿರ ನಿಂತಿತು. “ಆಣೆ ಮಾಡಿದ್ಯಲ್ಲಮ್ಮಿ.”

“ಊಂ. ಮುರ್ದೆ.”

“ಇಪ್ಪತ್ತು ವರ್ಸ ನಾನೂ ಅದೇ ನೀರ್ಗೆ ಕೈ ಆಕ್ದೆ. ನಂಗೇನಾಯ್ತು? ನಿಂಗೊಬ್ಳಿಗೇನಾ ಅದು ಕಚ್ಚದು?”

ಪೊಟ್ಟಣವನ್ನು ಅವರ ಮುಂದಿಟ್ಟೆ. “ಇದು ನಿಮ್ಗೆ ಕೊಟ್ಟವ್ರೆ. ಇಷ್ಟು ದಿನ ನಾ ತಿಂದೆ. ತನಿಯಾ ಅಂದ್ರೆ ಏನೂಂತ ಯೋಳುದ್ರು.”

ಅತ್ತೆಯ ಮುಖ ಕೆಂಪಾಯಿತು. ಸೊಸೆಯ ಮುಂದೆ ಬೆತ್ತಲಾದಂತೆ ಸೆರಗು ಎಳೆದುಕೊಂಡರು. ಪೊಟ್ಟಣ ಮುಟ್ಟಲಿಲ್ಲ. ಅವತ್ತು ಊಟ ಮಾಡಲಿಲ್ಲ. ಆದರೆ ಮಾರನೆಯ ದಿನ ಬೆಳಿಗ್ಗೆ ನಾನು ಎದ್ದಾಗ ಕೊಟ್ಟಿಗೆಯಲ್ಲಿ ಹೊಗೆಯಾಡುತ್ತಿತ್ತು. ಹುಣಿಸೆ ಕೋಲಿನಲ್ಲಿ ಲಡಿ ತಿರುವುತ್ತಿದ್ದರು, ನಡುವೆ ಬೆನ್ನು ಹಿಡಿದುಕೊಳ್ಳುತ್ತಿದ್ದರು. ನಾನು ಬಾಗಿಲಿಗೆ ಹೋದರೆ, “ಈಚೆ ಬರ್ಬ್ಯಾಡ,” ಎಂದರು. ಕಟ್ಟಿಟ್ಟ ಗಂಟು ಬಿಚ್ಚಿ ಸೀರೆಗಳೆಲ್ಲ ಮತ್ತೆ ಹಲಗೆಯ ಮೇಲಿದ್ದವು.

ಕೈ ಒಣಗಲು ಏಳು ವಾರ ಹಿಡಿಯಿತು. ನಡುವೆ ಎರಡು ಸಲ ಮತ್ತೆ ಎದ್ದು ನನ್ನನ್ನು ಅಳಿಸಿತು. ಕೆಲಸವಿಲ್ಲದ ಕೈ, ಮಗುವಿಲ್ಲದ ಮಡಿಲು, ಏನು ಮಾಡಲೂ ತೋಚದೆ ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ. ವಾಸಿಯಾದದ್ದು ಯಾವುದರಿಂದ ಎಂದು ಕೇಳುವವರಿಗೆ ನನ್ನಲ್ಲಿ ಒಂದು ಉತ್ತರವಿಲ್ಲ. ಡಾಕ್ಟರು ಗುಳಿಗೆ ಎಂದರು. ನಮ್ಮ ಯಜಮಾನರು ಹಂಡೆ ಬಿಟ್ಟದ್ದಕ್ಕೆ ಎನ್ನುತ್ತಾರೆ. ಐದು ವಾರ ಎರೆದ ತನಿ ಸುಮ್ಮನೆ ಹೋಗುತ್ತದೆಯೇ ಎನ್ನುತ್ತಾರೆ ಅತ್ತೆ. ನನಗೆ ಗೊತ್ತಿರುವುದು ಇಷ್ಟೇ: ನನ್ನ ಕೈಯ ಸಂಗತಿಯನ್ನು ನನ್ನ ಬಾಯಿಂದ ಹೇಳಿದ ಮೇಲೆ ಅದು ವಾಸಿಯಾಯಿತು. ಮದುವೆಮನೆಯಲ್ಲಿ ಉಣ್ಣದೆ ಎದ್ದು ಹೋದ ಹುಡುಗಿಗೆ ನಾನು ಹೇಳಬೇಕೆಂದಿರುವುದೂ ಅಷ್ಟೇ. ಕೇಳಿದವರಿಗೆ ನೀನೇ ಹೇಳು ತಾಯಿ. ಬೇರೆಯವರು ಎಷ್ಟು ಒಳ್ಳೆಯವರಾದರೂ ನಿನ್ನ ನವೆ ಅವರಿಗೆ ಗೊತ್ತಿಲ್ಲ.

ಅತ್ತೆ ನನ್ನ ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು, ಬೆರಳ ಸಂದಿಯೆಲ್ಲ ಬಿಡಿಸಿ ನೋಡಿ, “ಎತ್ಕೊ,” ಎಂದ ದಿನ ಒಂದು ಶುಕ್ರವಾರ, ಮಧ್ಯಾಹ್ನ. ನಾನು ಓಡಿಹೋಗಿ ಮಾದೇವಿಯನ್ನು ಬಾಚಿಕೊಂಡೆ. ಅವಳು ನನ್ನ ಮುಖ ನೋಡಿದಳು, ತುಟಿ ಸೊಟ್ಟಗೆ ಮಾಡಿದಳು, ಕಿಟಾರನೆ ಕಿರುಚಿ ಅತ್ತೆಯ ಕಡೆ ಎರಡೂ ಕೈ ಚಾಚಿದಳು. ಐದು ತಿಂಗಳಿಗಿಂತ ಹೆಚ್ಚು ಕಾಲ ಅವಳಿಗೆ ಅವ್ವ ಅತ್ತೆಯೇ. ನಾನು ಹಾಡಿದೆ, ಕುಣಿಸಿದೆ, ಬೆಲ್ಲ ತೋರಿಸಿದೆ. ನನ್ನ ಕೆನ್ನೆ ಪರಚಿ, ಬೆನ್ನು ಬಿಲ್ಲಾಗಿಸಿ, ಅತ್ತೆಯ ಸೆರಗು ಹಿಡಿದುಕೊಂಡಳು. ನನ್ನ ಕೈ ವಾಸಿಯಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತು.

ಅತ್ತೆ ಕೈ ಚಾಚಲಿಲ್ಲ. ಸೆರಗನ್ನು ಮಗುವಿನ ಮುಷ್ಟಿಯಿಂದ ಬಿಡಿಸಿಕೊಂಡರು.

“ನಾ ಕಾಣ್ತಿದ್ರೆ ನಿನ್ತಾವು ನಿಲ್ಲಾಕಿಲ್ಲ ಅದು,” ಎಂದರು. ಹಿತ್ತಲಿಗೆ ನಡೆದು, ಕೊಟ್ಟಿಗೆಯೊಳಗೆ ಹೋಗಿ, ಬಾಗಿಲು ಎಳೆದುಕೊಂಡು ಒಳಗಿಂದ ಅಗಣಿ ಹಾಕಿಕೊಂಡರು. ಆ ದಿನ ಹಂಡೆಗೆ ಬೆಂಕಿ ಹಾಕಿರಲಿಲ್ಲ, ಒಳಗೆ ಕೆಲಸವೇನೂ ಇರಲಿಲ್ಲ. ಮಗು ಅಳುತ್ತಲೇ ಇತ್ತು. ನಾನು ಅಂಗಳದ ಉದ್ದಕ್ಕೂ ಎತ್ತಿಕೊಂಡು ತಿರುಗಿದೆ. ಕೊಟ್ಟಿಗೆಯ ಬಾಗಿಲ ಸಂದಿಯಿಂದ ಸಣ್ಣ ಸದ್ದು ಬರುತ್ತಿತ್ತು. ಅದು ಏನೆಂದು ನನಗೆ ತಿಳಿಯಿತು. ತಿಳಿದೂ ಬಾಗಿಲು ತಟ್ಟಲಿಲ್ಲ. ಅಳು ಬಿಕ್ಕಾಯಿತು, ಬಿಕ್ಕು ತೆಳುವಾಯಿತು. ಮಾದೇವಿಯ ತಲೆ ನನ್ನ ಭುಜದ ಮೇಲೆ ಭಾರವಾಗಿ ಒರಗಿತು. ಕುತ್ತಿಗೆಗೆ ಅವಳ ಬಿಸಿಯುಸಿರು ತಾಗುತ್ತಿತ್ತು.

“ಮಲಗ್ತಾ ಮಗ?” ಎಂದು ಬಾಗಿಲ ಹಿಂದಿನಿಂದ ಅತ್ತೆ ಕೇಳಿದರು. “ಬರ್ಲಾ ನಾನು?”

“ಇನ್ನೂ ಇಲ್ಲ ಅತ್ತೆ,” ಎಂದೆ.

ಮಗು ಆಗಲೇ ನಿದ್ದೆ ಹೋಗಿತ್ತು.